ಮಾದರಿ ರೈಲು ನಿಲ್ದಾಣದ ಐತಿಹಾಸಿಕ ಬಣ್ಣಗಳ ಶೋಧನೆ

ಮಾದರಿ ರೈಲು ನಿಲ್ದಾಣದ ಐತಿಹಾಸಿಕ ಬಣ್ಣಗಳ ಶೋಧನೆ ಎಂದರೆ, ನಿಜವಾದ ಒಂದು ರೈಲು ನಿಲ್ದಾಣವನ್ನು ಕಿರಿದಾದ ಅಳತೆಯಲ್ಲಿ ಮರುನಿರ್ಮಿಸುವಾಗ, ಅದರ ಗೋಡೆ, ಮರಗೆಲಸ, ಛಾವಣಿ ಮತ್ತು ನಾಮಫಲಕಗಳು ಗೊತ್ತಾದ ಒಂದು ಕಾಲದಲ್ಲಿ ಯಾವ ಬಣ್ಣದಲ್ಲಿದ್ದವು ಎಂಬುದನ್ನು ಸಾಕ್ಷ್ಯಗಳ ಆಧಾರದಿಂದ ನಿರ್ಧರಿಸುವ ಕೆಲಸ. ಇದು ಮಾದರಿ ರೈಲು ಕಟ್ಟುವ ಹವ್ಯಾಸದ ಒಂದು ಭಾಗವಾದರೂ, ಅನುಸರಿಸುವ ವಿಧಾನಗಳು ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯವೇ ಆಗಿವೆ. ಕಟ್ಟಡದ ಉದ್ದಗಲಗಳನ್ನು ಟೇಪು ಹಿಡಿದು ಅಳೆಯಬಹುದು. ಬಣ್ಣವನ್ನು ಹಾಗೆ ಅಳೆಯಲು ಬರುವುದಿಲ್ಲ. ಇಂದು ಗೋಡೆಯ ಮೇಲೆ ಕಾಣುವುದು ಕಟ್ಟಕಡೆಯ ಬಾರಿ ಬಳಿದ ಬಣ್ಣವೇ ಹೊರತು ಕಟ್ಟಡದ ಬಣ್ಣವಲ್ಲ.

ಬೆಂಗಳೂರಿನ ಹೊರವಲಯದ ನಿಲ್ದಾಣಗಳಲ್ಲಿ ಈ ಕೆಲಸಕ್ಕೆ ವಿಶೇಷ ಅವಸರವಿದೆ. ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಮತ್ತು ದೇವನಹಳ್ಳಿಯ ಸುತ್ತಮುತ್ತ ಹಳಿಗಳ ಸಂಖ್ಯೆ ಹೆಚ್ಚುತ್ತಿದೆ, ಹಳೆಯ ಕಟ್ಟಡಗಳು ನವೀಕರಣಗೊಳ್ಳುತ್ತಿವೆ. ಒಂದು ಹಳೆಯ ಬಾಗಿಲು ಕಳಚಿ ಹೋದಾಗ ಅದರ ಮೇಲಿದ್ದ ಹತ್ತಾರು ಪದರಗಳ ದಾಖಲೆಯೂ ಅದರೊಡನೆ ಹೋಗುತ್ತದೆ.

ಕಾಲವನ್ನು ಗೊತ್ತುಮಾಡುವುದು

ಶೋಧನೆಯ ಮೊದಲ ಪ್ರಶ್ನೆ ‘ಯಾವ ಬಣ್ಣ’ ಎಂಬುದಲ್ಲ, ‘ಯಾವ ವರ್ಷದ ಬಣ್ಣ’ ಎಂಬುದು. ನೂರು ವರ್ಷ ದಾಟಿದ ನಿಲ್ದಾಣವೊಂದು ಹಲವು ಆಡಳಿತಗಳ ಕೈ ದಾಟಿ ಬಂದಿರುತ್ತದೆ. ಆಡಳಿತ ಬದಲಾದಾಗ ಬಣ್ಣ ಬದಲಾಗಿಯೇ ತೀರುತ್ತದೆ ಎಂದೇನೂ ಇಲ್ಲ; ಆದರೆ ಬದಲಾಗಲು ಅದೊಂದು ಸಂದರ್ಭ. ಆದಕಾರಣ ಮಾದರಿ ತಯಾರಕರು ಮೊದಲು ಮಾರ್ಗದ ಒಡೆತನದ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳುವುದು ರೂಢಿ.

ವೈಟ್‌ಫೀಲ್ಡ್ ನಿಲ್ದಾಣ ಇದಕ್ಕೆ ಒಳ್ಳೆಯ ನಿದರ್ಶನ. ಜೋಲಾರಪೇಟೆಯಿಂದ ಬೆಂಗಳೂರು ದಂಡು ನಿಲ್ದಾಣದವರೆಗಿನ ಬ್ರಾಡ್‌ಗೇಜ್ ಮಾರ್ಗವನ್ನು ಮದ್ರಾಸ್ ರೈಲ್ವೆ ಕಂಪನಿ 1864ರಲ್ಲಿ ತೆರೆಯಿತು. ವೈಟ್‌ಫೀಲ್ಡ್ ಎಂಬ ಊರಾದರೋ ಹುಟ್ಟಿದ್ದು ಅದಕ್ಕೂ ಬಹಳ ತಡವಾಗಿ: 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಸಮುದಾಯದ ನೆಲೆಗಾಗಿ ಸುಮಾರು 3,900 ಎಕರೆ ಭೂಮಿಯನ್ನು ನೀಡಿದರು; ಸಮುದಾಯದ ನಾಯಕ ಡಿ. ಎಸ್. ವೈಟ್ ಅವರ ಹೆಸರು ಊರಿಗೆ ಬಂದಿತು. ಅಂದರೆ 1870ರ ದಶಕವನ್ನು ತೋರಿಸುವ ಮಾದರಿಯಲ್ಲಿ ‘ವೈಟ್‌ಫೀಲ್ಡ್’ ಎಂಬ ಫಲಕವನ್ನು ನಿಲ್ಲಿಸಿದರೆ, ಅದಕ್ಕೆ ಎಷ್ಟೇ ಸರಿಯಾದ ಬಣ್ಣ ಬಳಿದರೂ ಅದು ಸುಳ್ಳಾಗುತ್ತದೆ. 1908ರಲ್ಲಿ ಈ ಮಾರ್ಗ ಮದ್ರಾಸ್ ಮತ್ತು ಸದರ್ನ್ ಮರಾಠ ರೈಲ್ವೆಗೆ, 1951ರ ಏಪ್ರಿಲ್ 14ರಂದು ಹೊಸದಾಗಿ ರಚನೆಯಾದ ದಕ್ಷಿಣ ರೈಲ್ವೆಗೆ, 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆಗೆ ಸೇರಿತು.

ಪೀಣ್ಯದ ಕಡೆಯ ತುಮಕೂರು ಮಾರ್ಗದ ಕಥೆ ಬೇರೆ. ಅದು ಮೈಸೂರು ಸಂಸ್ಥಾನದ ಹಣದಿಂದ 1880ರ ದಶಕದಲ್ಲಿ ಮೀಟರ್‌ಗೇಜಿನಲ್ಲಿ ನಿರ್ಮಾಣವಾದದ್ದು. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಹೀಲಲಿಗೆ ನಿಲ್ದಾಣವಿರುವ ಸೇಲಂ ಮಾರ್ಗ ಸ್ವಾತಂತ್ರ್ಯಾನಂತರದ್ದು. ಅಲ್ಲಿ ಕಂಪನಿ ಕಾಲದ ಬಣ್ಣವನ್ನು ಹುಡುಕಿ ಪ್ರಯೋಜನವಿಲ್ಲ.

ದೇವನಹಳ್ಳಿ ಮಾರ್ಗದ ನಿಲ್ದಾಣಗಳು

ಬೆಂಗಳೂರು ಹೊರವಲಯದಲ್ಲಿ ಬಣ್ಣದ ಶೋಧನೆಗೆ ಅತ್ಯಂತ ಫಲವತ್ತಾದ ನೆಲವೆಂದರೆ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗ. 762 ಮಿಲಿಮೀಟರ್ ಅಗಲದ ಈ ನ್ಯಾರೋಗೇಜ್ ಹಳಿ 1915ರ ಸುಮಾರಿಗೆ ಸಂಚಾರಕ್ಕೆ ತೆರೆದುಕೊಂಡಿತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ ಮತ್ತು ನಂದಿ ಹಾಲ್ಟ್‌ಗಳಲ್ಲಿ ಆ ಕಾಲದ ಸಣ್ಣ, ಹೆಂಚಿನ ಛಾವಣಿಯ ಕಟ್ಟಡಗಳು ಉಳಿದುಬಂದಿವೆ. 1990ರ ದಶಕದಲ್ಲಿ ಹಳಿ ಬ್ರಾಡ್‌ಗೇಜ್ ಆದಾಗ ಈ ಕಟ್ಟಡಗಳಿಗೆ ಮೊದಲಿನ ಕೆಲಸ ಉಳಿಯಲಿಲ್ಲ. ಬಳಕೆ ತಪ್ಪಿದ ಕಟ್ಟಡ ಹಾಳಾಗುವುದು ನಿಜ; ಆದರೆ ಯಾರೂ ಮತ್ತೆ ಮತ್ತೆ ಬಣ್ಣ ಬಳಿಯದೆ ಬಿಟ್ಟದ್ದರಿಂದ ಹಳೆಯ ಪದರಗಳು ಉಳಿಯುವ ಸಾಧ್ಯತೆಯೂ ಅಲ್ಲೇ ಹೆಚ್ಚು. ನಿರ್ಲಕ್ಷ್ಯವೂ ಕೆಲವೊಮ್ಮೆ ಪತ್ರಾಗಾರದ ಕೆಲಸ ಮಾಡುತ್ತದೆ.

ಪರಂಪರೆ ಸಂರಕ್ಷಣಾ ಸಂಸ್ಥೆಯಾದ ಇಂಟ್ಯಾಕ್‌ನ ಬೆಂಗಳೂರು ಶಾಖೆ ನೈಋತ್ಯ ರೈಲ್ವೆಯೊಡನೆ ಸೇರಿ ಈ ಮಾರ್ಗದ ಹಳೆಯ ನಿಲ್ದಾಣಗಳ ಪುನರುಜ್ಜೀವನವನ್ನು ಕೈಗೊಂಡಿದೆ. ಇದೇ ಮಾರ್ಗದಲ್ಲಿ ವಿಮಾನ ನಿಲ್ದಾಣದ ಬಳಿ 2021ರ ಜನವರಿಯಲ್ಲಿ ಹೊಸ ಹಾಲ್ಟ್ ನಿಲ್ದಾಣವೊಂದು ತೆರೆಯಿತು.

ಮಾದರಿ ತಯಾರಕರಿಗೆ ಈ ಮಾರ್ಗ ಪ್ರಿಯವಾಗಲು ಇನ್ನೊಂದು ಕಾರಣವಿದೆ. ಜಗತ್ತಿನಲ್ಲಿ ಬಹುಬಳಕೆಯಲ್ಲಿರುವ 1:87 ಅಳತೆಗೆ 762 ಮಿಲಿಮೀಟರ್ ಹಳಿಯನ್ನು ಇಳಿಸಿದರೆ ಸುಮಾರು 8.8 ಮಿಲಿಮೀಟರ್ ಆಗುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ 9 ಮಿಲಿಮೀಟರ್ ಮಾದರಿ ಹಳಿಗೆ ಅದು ಬಹುತೇಕ ಸರಿಹೊಂದುತ್ತದೆ. ಭಾರತದ ಬ್ರಾಡ್‌ಗೇಜಿಗೆ ಈ ಅನುಕೂಲವಿಲ್ಲ. 1,676 ಮಿಲಿಮೀಟರ್ ಅದೇ ಅಳತೆಯಲ್ಲಿ 19.3 ಮಿಲಿಮೀಟರ್ ಆಗಬೇಕು, ಸಿದ್ಧ ಹಳಿ ಇರುವುದು 16.5 ಮಿಲಿಮೀಟರ್ ಮಾತ್ರ.

ಸುಣ್ಣ, ಮಣ್ಣು ಮತ್ತು ಎಣ್ಣೆ

ಹಳೆಯ ನಿಲ್ದಾಣದಲ್ಲಿ ಯಾವ ಬಣ್ಣ ಇದ್ದಿರಬಹುದು ಎಂಬ ಊಹೆಗಿಂತ, ಯಾವುದು ಇರಲು ಸಾಧ್ಯವೇ ಇರಲಿಲ್ಲ ಎಂಬ ತಿಳಿವಳಿಕೆ ಹೆಚ್ಚು ಉಪಯುಕ್ತ. ಇದನ್ನು ನಿರ್ಧರಿಸುವುದು ಬಣ್ಣದ ರಸಾಯನ.

ಗಾರೆಯ ಗೋಡೆಗೆ ಬಳಿಯುತ್ತಿದ್ದುದು ಸುಣ್ಣ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಅಂಟನ್ನೋ ಗಂಜಿಯನ್ನೋ ಬೆರೆಸಿ ಬಳಿಯುವ ಕ್ರಮ ಹಳ್ಳಿಯ ಮನೆಗಳಿಂದ ಸರ್ಕಾರಿ ಕಟ್ಟಡಗಳವರೆಗೆ ಒಂದೇ ಆಗಿತ್ತು. ಸುಣ್ಣ ತೀವ್ರವಾದ ಕ್ಷಾರ. ಎಲ್ಲ ವರ್ಣದ್ರವ್ಯಗಳೂ ಅದನ್ನು ತಾಳುವುದಿಲ್ಲ. ಕಬ್ಬಿಣದ ಆಕ್ಸೈಡಿನಿಂದ ಬಣ್ಣ ಪಡೆದ ಕೆಮ್ಮಣ್ಣು, ಕಾವಿ, ಹಳದಿ ಮಣ್ಣುಗಳು ತಾಳುತ್ತವೆ. ಬಟ್ಟೆಗೆ ಹಾಕುವ ನೀಲಿಯಾಗಿ ಮನೆಮನೆಯಲ್ಲಿದ್ದ ಅಲ್ಟ್ರಾಮರೀನ್ ತಾಳುತ್ತದೆ. ಸುಣ್ಣದ ಬಿಳುಪು ಎದ್ದು ಕಾಣಲೆಂದು ಅದನ್ನು ಚಿಟಿಕೆಯಷ್ಟು ಬೆರೆಸುತ್ತಿದ್ದರು. ಆದರೆ ಪ್ರಷ್ಯನ್ ನೀಲಿ ಸುಣ್ಣದಲ್ಲಿ ಕೆಡುತ್ತದೆ, ಕ್ರೋಮ್ ಹಳದಿಯೂ ತನ್ನ ಬಣ್ಣವನ್ನು ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಸುಣ್ಣ ಬಳಿದ ಕಾಲದ ಗೋಡೆಗೆ ಬಿಳಿ, ತಿಳಿಹಳದಿ, ಕಾವಿ, ತಿಳಿನೀಲಿಗಳ ಒಂದು ಸೌಮ್ಯವಾದ ಶ್ರೇಣಿ ಮಾತ್ರ ತೆರೆದಿತ್ತು. ಇಂದಿನ ನಿಲ್ದಾಣಗಳ ಗಾಢವಾದ, ಹೊಳಪಿನ ಬಣ್ಣಗಳನ್ನು 1920ರ ಮಾದರಿಗೆ ಬಳಿಯುವುದು ಈ ಒಂದು ಕಾರಣದಿಂದಲೇ ಸಲ್ಲದು.

ಬಾಗಿಲು, ಕಿಟಕಿ, ಟಿಕೆಟ್ ಕಿಂಡಿ ಮತ್ತು ಸೂರಿನ ಅಂಚುಪಟ್ಟಿಗಳಿಗೆ ಬಳಸುತ್ತಿದ್ದುದು ಎಣ್ಣೆಬಣ್ಣ. ಅಗಸೆ ಎಣ್ಣೆಯಲ್ಲಿ ಅರೆದ ಸೀಸದ ಬಿಳಿಗೆ ಬೇರೆ ವರ್ಣದ್ರವ್ಯಗಳನ್ನು ಸೇರಿಸಿ ಇದನ್ನು ತಯಾರಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮರಗೆಲಸಕ್ಕೆ ಬಳಕೆಯಲ್ಲಿದ್ದ ಹಸಿರುಗಳಲ್ಲಿ ಬಹುಪಾಲು ಕ್ರೋಮ್ ಹಳದಿ ಮತ್ತು ಪ್ರಷ್ಯನ್ ನೀಲಿಗಳ ಮಿಶ್ರಣ. ಬಿಸಿಲಿಗೆ ಎರಡೂ ಒಂದೇ ವೇಗದಲ್ಲಿ ಮಾಸುವುದಿಲ್ಲವಾದ್ದರಿಂದ ಹಳೆಯ ಹಸಿರು ಇಂದು ಬೇರೊಂದು ಛಾಯೆಯಾಗಿ ಕಾಣುತ್ತದೆ. ಕಣ್ಣಿಗೆ ನೀಲಿಯಾಗಿ ಕಂಡ ಬಾಗಿಲು ಹುಟ್ಟಿನಲ್ಲಿ ಹಸಿರಾಗಿದ್ದಿರಬಹುದು.

ಟೈಟಾನಿಯಮ್ ಡೈಆಕ್ಸೈಡ್ ಎಂಬ ಬಿಳಿ ವರ್ಣದ್ರವ್ಯ ಜಗತ್ತಿನ ಮಾರುಕಟ್ಟೆಗೆ ಬಂದದ್ದು ಮೊದಲನೆಯ ಮಹಾಯುದ್ಧದ ನಂತರ. ಒಂದು ಪದರದಲ್ಲಿ ಅದು ಕಂಡುಬಂದರೆ ಆ ಪದರ 1864ರದ್ದಾಗಲಿ 1915ರದ್ದಾಗಲಿ ಆಗಿರಲಾರದು. ಸಂಸ್ಥಾನದ ಒಳಗೇ ಬಣ್ಣದ ದೊಡ್ಡ ಕಾರ್ಖಾನೆ ಬಂದದ್ದು 1937ರಲ್ಲಿ: ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದು ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಮೈಸೂರು ಪೇಂಟ್ಸ್.

ಛಾವಣಿಯ ಬಣ್ಣಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮಂಗಳೂರು ಹೆಂಚಿಗೆ ಇರುವುದು ಸುಟ್ಟ ಜೇಡಿಯ ಬಣ್ಣ. ಹೆಂಚಿನ ಮೇಲೆ ಒತ್ತಿರುವ ಕಾರ್ಖಾನೆಯ ಮುದ್ರೆಯನ್ನು ಮಾತ್ರ ಓದಿಕೊಳ್ಳಬೇಕು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು; ಮೊದಲನೆಯ ಮಹಾಯುದ್ಧದ ನಂತರ ಆ ಉದ್ಯಮ ಕಾಮನ್‌ವೆಲ್ತ್ ಹೆಸರಿನ ಸಂಸ್ಥೆಗೆ ಹೋಯಿತು. ಮುದ್ರೆಯಲ್ಲಿ ಯಾವ ಹೆಸರಿದೆ ಎಂಬುದರಿಂದ ಛಾವಣಿಯ ಕಾಲವನ್ನು ಸ್ಥೂಲವಾಗಿ ಅಂದಾಜಿಸಬಹುದು. ಒಡೆದ ಹೆಂಚನ್ನು ಬದಲಿಸುವಾಗ ಸಿಕ್ಕಿದ್ದನ್ನು ಹೊದಿಸುವುದು ವಾಡಿಕೆ. ಒಂದು ಹೆಂಚನ್ನು ನೋಡಿ ತೀರ್ಮಾನಿಸುವಂತಿಲ್ಲ.

ಛಾಯಾಚಿತ್ರಗಳ ಸಾಕ್ಷ್ಯ

ಹಳೆಯ ಕಪ್ಪು-ಬಿಳುಪು ಚಿತ್ರದಲ್ಲಿ ಗಾಢವಾಗಿ ಕಂಡದ್ದು ಗಾಢ ಬಣ್ಣ, ತಿಳಿಯಾಗಿ ಕಂಡದ್ದು ತಿಳಿ ಬಣ್ಣ ಎಂದು ನಂಬುವುದು ಸಹಜ. ಈ ನಂಬಿಕೆ ಅಪಾಯಕಾರಿ. ಹತ್ತೊಂಬತ್ತನೆಯ ಶತಮಾನದ ಗಾಜಿನ ಫಲಕಗಳು ಮುಖ್ಯವಾಗಿ ನೀಲಿ ಬೆಳಕಿಗೆ ಸ್ಪಂದಿಸುತ್ತಿದ್ದವು. ಅನಂತರ ಬಂದ ಆರ್ಥೋಕ್ರೋಮ್ಯಾಟಿಕ್ ಫಲಕಗಳು ಹಸಿರನ್ನೂ ಗ್ರಹಿಸಿದವು, ಕೆಂಪನ್ನು ಗ್ರಹಿಸಲಿಲ್ಲ. ಪರಿಣಾಮವಾಗಿ ಕೆಂಪು ಮತ್ತು ಕಾವಿ ಬಣ್ಣಗಳು ಚಿತ್ರದಲ್ಲಿ ಬಹುತೇಕ ಕಪ್ಪಾಗಿಯೂ, ನೀಲಿ ಬಹುತೇಕ ಬಿಳಿಯಾಗಿಯೂ ಮೂಡುತ್ತವೆ. ಕಣ್ಣು ಕಂಡಂತೆಯೇ ಎಲ್ಲ ಬಣ್ಣಗಳನ್ನೂ ಗ್ರಹಿಸಬಲ್ಲ ಪ್ಯಾನ್‌ಕ್ರೋಮ್ಯಾಟಿಕ್ ಫಲಕಗಳು 1906ರಿಂದ ಮಾರಾಟಕ್ಕೆ ಬಂದರೂ, ಸಾಮಾನ್ಯ ಬಳಕೆಗೆ ಬರಲು ಇನ್ನೂ ಹಲವು ವರ್ಷಗಳು ಹಿಡಿದವು. ಚಿತ್ರದಲ್ಲಿ ಕೆಂಪೆಂದು ಗೊತ್ತಿರುವ ವಸ್ತುವೊಂದಿದ್ದರೆ, ಉದಾಹರಣೆಗೆ ಹೊಸ ಮಂಗಳೂರು ಹೆಂಚು, ಅದು ಎಷ್ಟು ಕಪ್ಪಾಗಿ ಮೂಡಿದೆ ಎಂಬುದನ್ನು ನೋಡಿ ಫಲಕದ ಬಗೆಯನ್ನು ಊಹಿಸಬಹುದು.

ಬಣ್ಣ ತುಂಬಿದ ಹಳೆಯ ಅಂಚೆ ಚಿತ್ರಗಳು ಇನ್ನೂ ಮೋಸಗೊಳಿಸುತ್ತವೆ. ಅವು ಕಪ್ಪು-ಬಿಳುಪು ಚಿತ್ರದ ಮೇಲೆ ಮುದ್ರಣಾಲಯದಲ್ಲಿ ಸೇರಿಸಿದ ಬಣ್ಣಗಳು. ಸೇರಿಸಿದವರು ಆ ನಿಲ್ದಾಣವನ್ನು ಕಂಡಿರಬೇಕಾಗಿರಲಿಲ್ಲ. ಎರಡು ಪ್ರತಿಗಳಲ್ಲಿ ಒಂದೇ ಕಟ್ಟಡ ಎರಡು ಬಣ್ಣದಲ್ಲಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. 1960–70ರ ದಶಕಗಳ ವರ್ಣಚಿತ್ರಗಳು ನಿಜವಾದ ಬಣ್ಣವನ್ನು ದಾಖಲಿಸಿದವೇ ಸರಿ. ಆದರೆ ಅವುಗಳ ಅನೇಕ ಮುದ್ರಣಗಳಲ್ಲಿ ನೀಲಿ-ಹಸಿರು ಛಾಯೆ ಮೊದಲು ಮಾಸಿ, ಇಡೀ ಚಿತ್ರ ಕೆಂಪಿಗೆ ತಿರುಗಿರುತ್ತದೆ. ಅಲ್ಬಮ್ಮಿನಲ್ಲಿರುವ ಮದುವೆಯ ಚಿತ್ರಗಳೆಲ್ಲ ಕುಂಕುಮದ ನೀರಿನಲ್ಲಿ ಅದ್ದಿದಂತೆ ಕಾಣುವುದು ಇದೇ ಕಾರಣಕ್ಕೆ.

ನಾಮಫಲಕಗಳನ್ನು ಬಣ್ಣಕ್ಕಿಂತ ಹೆಚ್ಚಾಗಿ ಬರಹಕ್ಕಾಗಿ ನೋಡಬೇಕು. ಇಂಗ್ಲಿಷಿನಲ್ಲಿ ‘ಬ್ಯಾಂಗಲೋರ್’ ಎಂಬುದು ‘ಬೆಂಗಳೂರು’ ಎಂದು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ರೂಪವಿರುವ ಫಲಕ ಚಿತ್ರದ ಕಾಲಕ್ಕೆ ಒಂದು ಸುಳಿವು.

ಪದರಗಳನ್ನು ಓದುವುದು

ಅಂತಿಮ ತೀರ್ಪು ಕಟ್ಟಡದ್ದೇ. ಕುಂಚ ತಲುಪದ ಜಾಗಗಳಲ್ಲಿ ಹಳೆಯ ಬಣ್ಣ ಉಳಿದಿರುತ್ತದೆ: ಬಾಗಿಲ ಕೀಲುಗಳ ಹಿಂದೆ, ಗೋಡೆಗೆ ಬಡಿದ ಸೂಚನಾಫಲಕದ ಅಡಿಯಲ್ಲಿ, ಸೂರಿನ ಒಳಬದಿಯಲ್ಲಿ, ಟಿಕೆಟ್ ಕಿಂಡಿಯ ಮೇಲಂಚಿನಲ್ಲಿ. ಅಂಥ ಜಾಗದಲ್ಲಿ ಒಂದೊಂದೇ ಪದರವನ್ನು ಚಿಕ್ಕ ಮೆಟ್ಟಿಲಿನಂತೆ ಬಿಡಿಸಿ ತೋರಿಸುವುದು ಮೊದಲ ವಿಧಾನ. ಅದಕ್ಕಿಂತ ಖಚಿತವಾದುದು, ಎಲ್ಲ ಪದರಗಳನ್ನೂ ಒಳಗೊಂಡ ಸಾಸಿವೆ ಕಾಳಿನಷ್ಟು ಚೂರನ್ನು ತೆಗೆದು, ಪಾರದರ್ಶಕ ರಾಳದಲ್ಲಿ ಹುದುಗಿಸಿ, ಅಡ್ಡಲಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುವುದು.

ಹೀಗೆ ನೋಡಿದಾಗ ಕಾಣುವ ಪ್ರತಿ ಪದರವೂ ನಿಲ್ದಾಣದ ಒಂದು ‘ಬಣ್ಣ’ವಲ್ಲ. ಮರಕ್ಕೆ ಮೊದಲು ಹಚ್ಚುವ ಅಸ್ತರು, ನಡುವಿನ ಲೇಪ ಮತ್ತು ಮೇಲಿನ ಲೇಪ ಸೇರಿ ಒಂದು ಬಾರಿಯ ಬಳಿತ. ಅಸ್ತರಾಗಿ ಕೆಂಪು ಬಳಸಿದ್ದರೆ ಅದನ್ನೇ ಬಾಗಿಲಿನ ಮೂಲ ಬಣ್ಣವೆಂದು ತಿಳಿಯುವ ಸಂಭವವಿದೆ. ಎರಡು ಪದರಗಳ ನಡುವೆ ಕೊಳೆಯ ಅಥವಾ ಕಲ್ಲಿದ್ದಲ ಮಸಿಯ ಗೆರೆ ಕಂಡರೆ, ಅಡಿಯ ಪದರ ಕೆಲವು ವರ್ಷ ಗಾಳಿ-ಹೊಗೆಗೆ ಒಡ್ಡಿಕೊಂಡಿತ್ತು, ಅಂದರೆ ಅದು ಜನ ಕಂಡ ಬಣ್ಣ ಎಂದರ್ಥ.

ಇನ್ನೊಂದು ತೊಡಕು ಎಣ್ಣೆಯದು. ಅಗಸೆ ಎಣ್ಣೆಯ ಬಣ್ಣ ಕತ್ತಲಲ್ಲಿ ಮುಚ್ಚಿಹೋದರೆ ಹಳದಿಗೆ ತಿರುಗುತ್ತದೆ. ಫಲಕದ ಹಿಂದೆ ಸಿಕ್ಕ ‘ಕೆನೆ ಬಣ್ಣ’ ಮೂಲದಲ್ಲಿ ಶುದ್ಧ ಬಿಳಿಯೇ ಆಗಿರಬಹುದು. ಬಿಡಿಸಿದ ಚೂರನ್ನು ಕೆಲವು ವಾರ ಹಗಲಿನ ಬೆಳಕಿನಲ್ಲಿಟ್ಟರೆ ಈ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಹೋಲಿಕೆ ಮಾಡುವುದು ಅದಾದ ಮೇಲೆಯೇ.

ನಿಲ್ದಾಣ ರೈಲ್ವೆಯ ಆಸ್ತಿ. ವಿಭಾಗೀಯ ಕಚೇರಿಯ ಲಿಖಿತ ಅನುಮತಿ ಇಲ್ಲದೆ ಒಂದು ಚೂರನ್ನೂ ಕೆರೆಯುವಂತಿಲ್ಲ. ಜೊತೆಗೆ ಹಳೆಯ ಎಣ್ಣೆಬಣ್ಣದಲ್ಲಿ ಸೀಸವಿರುತ್ತದೆ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಕಡಿಮೆಗೆ ಮಿತಿಗೊಳಿಸಿದ ನಿಯಮ 2016ರದು. ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಯಾವ ಪದರವನ್ನೂ ಸೀಸವಿಲ್ಲದ್ದೆಂದು ಭಾವಿಸುವಂತಿಲ್ಲ. ಒಣ ಮರಳುಕಾಗದದಿಂದ ಉಜ್ಜುವುದು ಸರ್ವಥಾ ಕೂಡದು; ತೇವ ಮಾಡಿ ಕೆರೆಯಬೇಕು, ಮುಖಕವಚ ಧರಿಸಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು.

ದಾಖಲೆ ಮತ್ತು ನೆನಪು

ಬಿ. ಎಲ್. ರೈಸ್ ಮತ್ತು ಸಿ. ಹಯವದನರಾಯರ ಮೈಸೂರು ಗೆಜೆಟಿಯರುಗಳಲ್ಲಿ ಮಾರ್ಗಗಳ ಇತಿಹಾಸ ದೊರೆಯುತ್ತದೆ, ಬಣ್ಣ ದೊರೆಯುವುದಿಲ್ಲ. ಸಂಸ್ಥಾನದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರವಿದೆ. ಗುತ್ತಿಗೆಯ ಕಾಗದಪತ್ರಗಳು ಸಿಕ್ಕರೂ ಅವು ಸಾಮಾನ್ಯವಾಗಿ ಹೇಳುವುದು ಎಷ್ಟು ಚದರಡಿಗೆ ಎಷ್ಟು ಸಲ ಬಳಿಯಬೇಕು, ದರವೇನು ಎಂಬುದನ್ನು. ಹಣ ಕೊಡುವವರಿಗೆ ಛಾಯೆಗಿಂತ ವಿಸ್ತೀರ್ಣ ಮುಖ್ಯ. 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್ ಬೋಗಿಯೂ ಹಳೆಯ ಎಂಜಿನ್ನುಗಳೂ ಇವೆ. ಆದರೆ ಪ್ರದರ್ಶನಕ್ಕಿಟ್ಟ ವಾಹನಗಳಿಗೆ ಕಾಲಕಾಲಕ್ಕೆ ಹೊಸ ಬಣ್ಣ ಬಳಿಯಲಾಗುವುದರಿಂದ ಅವುಗಳನ್ನು ಬಣ್ಣಕ್ಕೆ ನೇರ ಆಧಾರವಾಗಿ ಇಟ್ಟುಕೊಳ್ಳಲಾಗದು.

ನಿವೃತ್ತ ನಿಲ್ದಾಣಾಧಿಕಾರಿಗಳು, ಹಳಿ ಕಾಯ್ದ ಗ್ಯಾಂಗ್‌ಮನ್ನರು ಮತ್ತು ಊರ ಹಿರಿಯರ ನೆನಪು ಬಹಳ ಬೆಲೆಯುಳ್ಳದ್ದು. ಆದರೆ ಪ್ರಶ್ನೆ ಕೇಳುವ ಬಗೆ ಸರಿಯಿರಬೇಕು. ಆಡುಗನ್ನಡದ ಬಣ್ಣದ ಹೆಸರುಗಳ ವ್ಯಾಪ್ತಿ ಬಲು ವಿಶಾಲ. ‘ಕೆಂಪು’ ಎಂಬ ಒಂದೇ ಮಾತು ಇಟ್ಟಿಗೆಗೂ, ಕುಂಕುಮಕ್ಕೂ, ಕೆಂಬಣ್ಣದ ಹಸುವಿಗೂ ಸಲ್ಲುತ್ತದೆ. ‘ಕಂದು’ ಎಂಬುದು ಪುಸ್ತಕದ ಪದವಾಗಿ ಉಳಿದಿದೆ. ‘ಬಾಗಿಲು ಕೆಂಪಗಿತ್ತು’ ಎಂದು ಅಜ್ಜಿಯೊಬ್ಬರು ಹೇಳಿದರೆ ಅದರಲ್ಲಿ ಹತ್ತು ಛಾಯೆಗಳಿಗೆ ಸ್ಥಳವಿದೆ. ಹೆಸರು ಕೇಳುವ ಬದಲು ಬಣ್ಣದ ಪಟ್ಟಿಗಳನ್ನು ಮುಂದಿಟ್ಟು, ಹಗಲ ಬೆಳಕಿನಲ್ಲಿ, ಒಂದನ್ನು ಆರಿಸುವಂತೆ ಕೋರುವುದು ಉತ್ತಮ. ಒಬ್ಬರು ಆರಿಸಿದ್ದನ್ನು ಇನ್ನೊಬ್ಬರಿಗೆ ಮೊದಲೇ ತೋರಿಸಬಾರದು.

ಗುರುತಿಸುವುದು ಮತ್ತು ಮಾದರಿಗೆ ಬಳಿಯುವುದು

ಕಂಡುಕೊಂಡ ಛಾಯೆಯನ್ನು ಮಾತಿನಲ್ಲಿ ಬರೆದಿಟ್ಟರೆ ಅದು ಮತ್ತೊಬ್ಬರಿಗೆ ತಲುಪುವುದಿಲ್ಲ. ಮೊಬೈಲಿನ ಚಿತ್ರವೂ ಸಾಲದು. ಪ್ರತಿ ಪರದೆಯೂ ತನ್ನದೇ ಬಣ್ಣ ತೋರಿಸುತ್ತದೆ. ಭಾರತೀಯ ಮಾನಕ ಐಎಸ್ 5 ಸಿದ್ಧ ಬಣ್ಣ ಮತ್ತು ಎನಾಮಲ್‌ಗಳ ಛಾಯೆಗಳಿಗೆ ಹೆಸರು ಮತ್ತು ಸಂಖ್ಯೆಗಳನ್ನು ಕೊಟ್ಟಿದೆ. ಅದರ ಅಥವಾ ಮನ್ಸೆಲ್ ಪದ್ಧತಿಯ ಮುದ್ರಿತ ಪಟ್ಟಿಯೊಡನೆ ಹೋಲಿಸಿ ಸಂಖ್ಯೆಯನ್ನು ದಾಖಲಿಸಬೇಕು. ಮಾನಕಗಳು ಹುಟ್ಟುವ ಮುಂಚಿನ ಬಣ್ಣಕ್ಕೆ ಈ ಸಂಖ್ಯೆ ಸಮೀಪದ ಹೋಲಿಕೆ ಮಾತ್ರ.

ಸಂಖ್ಯೆ ಸಿಕ್ಕ ಮೇಲೂ ಅದೇ ಬಣ್ಣವನ್ನು ಮಾದರಿಗೆ ನೇರವಾಗಿ ಬಳಿದರೆ ಕಟ್ಟಡ ಕಪ್ಪಿಟ್ಟಂತೆ ಕಾಣುತ್ತದೆ. ದೊಡ್ಡ ಗೋಡೆಯನ್ನು ಬಿಸಿಲಿನಲ್ಲಿ, ದೂರದಿಂದ, ನಡುವಿನ ಗಾಳಿಯ ಮಬ್ಬಿನ ಮೂಲಕ ನೋಡುತ್ತೇವೆ. ಅಂಗೈಯಗಲದ ಗೋಡೆಯನ್ನು ಕೋಣೆಯ ದೀಪದಲ್ಲಿ, ಹತ್ತಿರದಿಂದ ನೋಡುತ್ತೇವೆ. ಆದ್ದರಿಂದ ಮೂಲ ಬಣ್ಣಕ್ಕೆ ಸ್ವಲ್ಪ ಬಿಳಿ ಅಥವಾ ತಿಳಿಬೂದು ಬೆರೆಸಿ ತಿಳಿಗೊಳಿಸುವುದು ಮಾದರಿ ತಯಾರಕರ ರೂಢಿ. ಎಷ್ಟು ಎಂಬುದಕ್ಕೆ ಸೂತ್ರಗಳನ್ನು ಸೂಚಿಸಿದವರಿದ್ದಾರೆ, ಕೊನೆಗೆ ಕಣ್ಣೇ ಪ್ರಮಾಣ. ಹೊಳಪಿನ ಲೇಪವನ್ನು ಬಿಡಬೇಕು, ಸುಣ್ಣದ ಗೋಡೆಗಂತೂ ಮಂಕು ಲೇಪವೇ ಆಗಬೇಕು. ಮಾದರಿಯನ್ನು ಇಡುವ ದೀಪದಡಿಯಲ್ಲೂ ಹಗಲ ಬೆಳಕಿನಲ್ಲೂ ಪರೀಕ್ಷಿಸಬೇಕು, ಏಕೆಂದರೆ ಒಂದರಲ್ಲಿ ಹೊಂದಿದ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಿ ಕಾಣಬಹುದು.

ಕಡೆಯ ಲೇಪ ಧೂಳಿನದು. ದೇವನಹಳ್ಳಿಯ ಸೀಮೆಯ ಕೆಮ್ಮಣ್ಣು ಮಳೆಹನಿಯೊಡನೆ ಸಿಡಿದು ಗೋಡೆಯ ಬುಡವನ್ನು ಮೊಳದೆತ್ತರಕ್ಕೆ ಕೆಂಪಾಗಿಸುತ್ತದೆ; ಉಗಿಬಂಡಿಯ ಕಾಲದಲ್ಲಿ ಸೂರಿನ ಹಳಿಯ ಕಡೆಯ ಅಂಚಿಗೆ ಮಸಿ ಹತ್ತುತ್ತಿತ್ತು. ಧೂಳಿಗೆ ಆಯಾ ನಿಲ್ದಾಣದ ಮಣ್ಣನ್ನೇ ಒಣಗಿಸಿ, ನುಣ್ಣಗೆ ಜರಡಿ ಹಿಡಿದು ಬಳಸುವವರೂ ಇದ್ದಾರೆ.

ಹೊರವಲಯದ ಸದ್ಯದ ಸ್ಥಿತಿ

ಕೃಷ್ಣರಾಜಪುರ, ವೈಟ್‌ಫೀಲ್ಡ್, ಮಾಲೂರು ನಿಲ್ದಾಣಗಳು ಅಮೃತ ಭಾರತ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿವೆ. ದಂಡು ನಿಲ್ದಾಣದಿಂದ ವೈಟ್‌ಫೀಲ್ಡ್‌ವರೆಗೆ ಮಾರ್ಗವನ್ನು ನಾಲ್ಕು ಹಳಿಗಳಿಗೆ ವಿಸ್ತರಿಸುವ ಕಾಮಗಾರಿಯೂ ಕೈಗೆತ್ತಿಕೊಂಡದ್ದಾಗಿದೆ. ಪ್ರತಿದಿನ ನೌಕರಿಗೆ ಓಡಾಡುವ ಸಾವಿರಾರು ಜನರಿಗೆ ಇವು ಅಗತ್ಯವಾದ ಕೆಲಸಗಳು. ಹಳೆಯ ಬಣ್ಣಕ್ಕಾಗಿ ಅವನ್ನು ತಡೆಯಬೇಕೆಂದು ಯಾರೂ ಹೇಳಲಾರರು. ಆದರೆ ಕೆಲಸ ಆರಂಭವಾಗುವ ಮೊದಲು ಒಂದು ಬಾಗಿಲು, ಒಂದು ಕಿಟಕಿ, ಸೂರಿನ ಒಂದು ತುಂಡಿನ ಪದರಗಳನ್ನು ದಾಖಲಿಸಲು ಒಂದು ದಿನ ಸಾಕು. ಇದನ್ನು ಮಾಡಿದ ಕಡೆ ಮಾದರಿಯ ತಳಹಲಗೆಯ ಅಡಿಯಲ್ಲಿ ಒಂದು ಚೀಟಿ ಅಂಟಿಸುವ ಪದ್ಧತಿ ಒಳ್ಳೆಯದು: ಯಾವ ವರ್ಷದ ನಿಲ್ದಾಣ, ಯಾವ ಬಣ್ಣ ಎಲ್ಲಿಂದ ಸಿಕ್ಕಿತು, ಅದರ ಮಾನಕ ಸಂಖ್ಯೆ ಎಷ್ಟು, ಯಾವುದು ಸಾಕ್ಷ್ಯ, ಯಾವುದು ಊಹೆ. ನಿಜವಾದ ಬಣ್ಣದ ಚೂರೊಂದನ್ನು ಚಿಕ್ಕ ಗಾಜಿನ ಶೀಷೆಯಲ್ಲಿ ಭದ್ರಪಡಿಸಿ, ಅದರ ಮೇಲೆ ‘ಸೀಸವಿದೆ’ ಎಂದು ಬರೆದು, ಚೀಟಿಯ ಪಕ್ಕದಲ್ಲಿಡಬಹುದು.